ಆರು ಜನ, ತುಂಬಿದ ಟ್ಯಾಂಕ್, ಜೊತೆಗೆ ರಾಕೆಟ್ಟು: ಹಗುರ ಮಿಲಿಟರಿ ಹೆಲಿಕಾಪ್ಟರ್ ಇಷ್ಟನ್ನೂ ಹೊರುತ್ತಾ?

ಹಾರುಬಂಡಿ:
ಎರಡೂವರೆ ಟನ್ ಒಳಗಿನ ಮಿಲಿಟರಿ ಹೆಲಿಕಾಪ್ಟರ್ ಯಾವುದನ್ನೇ ತಗೊಳ್ಳಿ, ಬ್ರೋಷರಿನಲ್ಲಿ ಅದೇ ಪಟ್ಟಿ: ಸೈನಿಕರ ಸಾಗಣೆ, ಗಾಯಾಳುಗಳ ಸಾಗಣೆ, ಕಣ್ಗಾವಲು, ರಾಕೆಟ್ ದಾಳಿ. ಒಂದೇ ಹಾರಾಟದಲ್ಲಿ ಇದರಲ್ಲಿ ಎಷ್ಟು ಆಗುತ್ತೆ? ಬೆಟ್ಟದ ಮೇಲೆ ಲೆಕ್ಕ ಎಷ್ಟು ಬದಲಾಗುತ್ತೆ?

ತಿರುಗಣಿ:
ಒಂದು, ಹೆಚ್ಚೆಂದರೆ ಒಂದೂವರೆ! ಬಹೂಪಯೋಗಿ ಅಂದರೆ ಇವತ್ತು ಒಂದು ಕೆಲಸ, ನಾಳೆ ಕಿಟ್ (ಸೀಟು, ಸ್ಟ್ರೆಚರ್, ರಾಕೆಟ್‌ನಂಥ ಜೋಡಣೆ) ಬದಲಿಸಿ ಇನ್ನೊಂದು ಅಷ್ಟೇ.

ಉದಾಹರಣೆಗೆ ಹೀಗೆ ಲೆಕ್ಕ ಹಾಕಿ. ಗರಿಷ್ಠ ತೂಕ 2,250 ಕೆ.ಜಿ., ಖಾಲಿ ತೂಕ 1,300, ಸರಂಜಾಮು ಸಮೇತ ಇಬ್ಬರು ಪೈಲಟ್‌ಗಳು 200. ಉಳಿದಿದ್ದು 750. ಟ್ಯಾಂಕಿಗೆ 540 ಲೀಟರ್ ಹಿಡಿಯುತ್ತೆ ಅಂದರೆ ಇಂಧನವೇ ಸುಮಾರು 430 ಕೆ.ಜಿ. ಮಿಕ್ಕ 320 ಕೆ.ಜಿ.ಯಲ್ಲಿ ಆಯುಧ ಹೊತ್ತ ಸೈನಿಕರು (ತಲಾ 110) ಇಬ್ಬರು. ಮೂರನೆಯವನಿಗೆ ಹತ್ತು ಕೆ.ಜಿ. ಸಾಲದು. ಗುಂಡು ತಡೆಯುವ ಸೀಟು, ನೆಲಹಾಸು ಹಾಕಿದರೆ ಆ ಇಬ್ಬರಲ್ಲೂ ಒಬ್ಬ ಇಳಿಯಬೇಕಾಗಬಹುದು. ಏಳು ಕೊಳವೆಯ 70 ಮಿ.ಮೀ. ರಾಕೆಟ್ ಪಾಡ್ ಎರಡು ತೂಗುಹಾಕಿ ತುಂಬಿಸಿದರೆ 200 ಕೆ.ಜಿ. ಹೋಯ್ತು.

ಹಾಗಾಗಿ ಮೊದಲು ಕತ್ತರಿ ಬೀಳೋದು ಇಂಧನಕ್ಕೆ. ಗಂಟೆಗೆ 145 ಕೆ.ಜಿ. ಸುಟ್ಟರೆ, ಎರಡು ಗಂಟೆಗೆ ಬೇಕಾದಷ್ಟೇ ತುಂಬಿಸಿ ನಾಲ್ವರನ್ನು ಕೂರಿಸಬಹುದು. ಆಗ ಬ್ರೋಷರಿನ ದೂರ ಮರೆತುಬಿಡಿ.

ತೆಳುಗಾಳಿ:
ಮೇಲಿನದು ಸಮುದ್ರಮಟ್ಟದ ಲೆಕ್ಕ. 10,000 ಅಡಿಯಲ್ಲಿ ಪ್ರಮಾಣಿತ ತಾಪಮಾನ −5 ಡಿಗ್ರಿ. ಅಲ್ಲಿ ಬಿಸಿಲೇರಿ 20 ಡಿಗ್ರಿ ಆಯಿತು ಅನ್ನಿ. ವ್ಯತ್ಯಾಸ 25, ಡಿಗ್ರಿಗೆ ಸುಮಾರು 120 ಅಡಿಯಂತೆ 3,000 ಅಡಿ ಸೇರಿಸಿ. ನೆಲ ಇರೋದು 10,000 ಅಡಿಯಲ್ಲಿ, ಬಿಸಿಗೆ ಗಾಳಿ ತೆಳುವಾಗಿ ರೋಟರ್ ಪಾಲಿಗೆ ಅದು 13,000. ಬೆಟ್ಟದ ಹಾರಾಟ ನಸುಕಿನಲ್ಲೇ ಮುಗಿಸೋದು ಇದಕ್ಕೇ.

ಜನ ಎಡವೋದು ಇನ್ನೊಂದು ಕಡೆ. ರೋಟರ್ ವ್ಯಾಸಕ್ಕಿಂತ ಕಡಿಮೆ ಎತ್ತರದಲ್ಲಿ ನಿಂತಾಗ ನೆಲದಿಂದ ಸಿಗುವ ಆಸರೆಯನ್ನು ನಂಬಿ ಭಾರ ಹೇರುತ್ತಾರೆ. ಇಳಿಯುವ ಜಾಗ ಬೆಟ್ಟದ ಏಣಿನ ಮೇಲಿದ್ದರೆ ಗಾಳಿ ಎರಡೂ ಬದಿಗೆ ಜಾರಿಹೋಗುತ್ತೆ, ಆಸರೆಯೂ ಅದರ ಜೊತೆಗೇ. ಅಂಥ ಜಾಗಕ್ಕೆ ಆಸರೆಯಿಲ್ಲದ ಹೊವರ್ (ಗಾಳಿಯಲ್ಲಿ ಒಂದೇ ಕಡೆ ನಿಲ್ಲೋದು) ಚಾರ್ಟನ್ನೇ, ಅಂದರೆ ಎಷ್ಟು ಭಾರ ಹೊರಬಹುದು ಅಂತ ತೋರಿಸುವ ಪಟ್ಟಿಯನ್ನೇ ನೋಡಬೇಕು.

ಮೇಲಕ್ಕೆ ಹೋದಂತೆ, ಮೂತಿ ತಿರುಗದಂತೆ ಹಿಡಿಯುವ ಬಾಲದ ರೋಟರಿಗೂ ಗಾಳಿ ಸಾಲದು. ಫ್ರೆಂಚ್ ಯಂತ್ರಗಳ ರೋಟರ್ ಮೇಲಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತೆ. ಬಾಲದ ರೋಟರನ್ನು ನಿಯಂತ್ರಿಸುವ ಎರಡು ಕಾಲ್ಪೆಡಲುಗಳಲ್ಲಿ ಅಲ್ಲಿ ಮೊದಲು ಕೊನೆಮುಟ್ಟೋದು ಬಲ ಪೆಡಲ್. ಅಮೇರಿಕನ್ ಯಂತ್ರಗಳದ್ದು ಉಲ್ಟಾ ತಿರುಗುತ್ತೆ, ಅಲ್ಲಿ ಎಡದ್ದು. ಪೆಡಲ್ ಕೊನೆಮುಟ್ಟಿದ ಮೇಲೂ ಕಲೆಕ್ಟಿವ್ (ಯಂತ್ರವನ್ನು ಮೇಲೇರಿಸುವ ಹಿಡಿ) ಎಳೆದರೆ ಮೂತಿ ಗಿರ್ರನೆ ತಿರುಗುತ್ತೆ.

ಎತ್ತರದಲ್ಲಿ ಗೆದ್ದ ಯಂತ್ರ ಅಂದರೆ ಫ್ರೆಂಚರ ಲಾಮಾ, ನಮ್ಮ ಚೀತಾ ಹೆಲಿಕಾಪ್ಟರಿನ ಮೂಲ. 1972ರಲ್ಲಿ ಒಂದು ಲಾಮಾ 12,442 ಮೀಟರ್ ಮುಟ್ಟಿತು. ಆದರೆ ಬೇಡದ್ದೆಲ್ಲ ಕಿತ್ತುಹಾಕಿ ಹಗುರ ಮಾಡಿದ್ದ ಯಂತ್ರ ಅದು!

ಹಾರುಬಂಡಿ:
ಹಾಗಾದರೆ ಎರಡು ಇಂಜಿನ್ ಇದ್ದರೆ ಬೆಟ್ಟದಲ್ಲಿ ಭಯವಿಲ್ಲ ಅನ್ನಬಹುದಾ?

ತಿರುಗಣಿ:
ಅನ್ನೋಕಾಗಲ್ಲ. ಪೂರ್ತಿ ಭಾರ ಹೊತ್ತು ಎತ್ತರದಲ್ಲಿ ಹೊವರ್ ಮಾಡುವಾಗ ಒಂದು ಇಂಜಿನ್ ಕೈಕೊಟ್ಟರೆ, ಉಳಿದ ಒಂದಕ್ಕೆ ಯಂತ್ರವನ್ನು ಗಾಳಿಯಲ್ಲಿ ನಿಲ್ಲಿಸುವ ಶಕ್ತಿ ಇರೋದು ಕಡಿಮೆ. ಎರಡನೆಯದು ನಿಜವಾಗಿ ಕೈಹಿಡಿಯೋದು ಮುಂದಕ್ಕೆ ಹಾರುವಾಗ, ನೀರಿನ ಮೇಲೆ, ಊರಿನ ಮೇಲೆ.

ನಟ್ಟುಬೋಲ್ಟು:
ಕಿಟ್ ಬದಲಿಸೋದರ ಬಗ್ಗೆ ಯಾರೂ ಹೇಳಲಿಲ್ಲ. ಸೀಟು ತೆಗೆದು ಸ್ಟ್ರೆಚರ್ ಹಾಕಿದರೆ, ಪಕ್ಕಕ್ಕೆ ವಿಂಚ್ ಕಟ್ಟಿದರೆ, ಪ್ರತಿ ಸಲವೂ ಭಾರಕೇಂದ್ರ ಹೊಸದಾಗಿ ಲೆಕ್ಕ ಹಾಕಬೇಕು. ವಿಂಚಿನಲ್ಲಿ ಮನುಷ್ಯ ನೇತಾಡುವಾಗ ಭಾರ ಒಂದೇ ಬದಿಗೆ ವಾಲುತ್ತೆ. ಬಾಗಿಲು ಕಳಚಿದರೆ ವೇಗದ ಮಿತಿಯೂ ಇಳಿಯಬಹುದು, ಕೈಪಿಡಿ ನೋಡಿ.

ಸ್ಟ್ರೆಚರ್ ಕೆಲಸಕ್ಕೆ ಜರ್ಮನ್ ಹೆಲಿಕಾಪ್ಟರ್ ಬೋ 105ರ ವಿನ್ಯಾಸ ನನಗೆ ಇವತ್ತಿಗೂ ಇಷ್ಟ: ಹಿಂದುಗಡೆ ಎರಡು ಪಾಲಿನ ಬಾಗಿಲು, ಮೇಲೆ ಎತ್ತರದ ಬಾಲ, ಗಾಯಾಳುವನ್ನು ಹಿಂದಿನಿಂದಲೇ ನೇರ ಒಳಗೆ ತಳ್ಳಬಹುದು. ಅಮೇರಿಕದ ಪುಟ್ಟ ಹೆಲಿಕಾಪ್ಟರ್ ಲಿಟಲ್ ಬರ್ಡ್ ಇದಕ್ಕೆ ತದ್ವಿರುದ್ಧ. ಒಳಗೆ ಜಾಗ ಸಾಲದೆ ಹೊರಗಡೆ ಹಲಗೆ ಕಟ್ಟಿ ಆರು ಜನರನ್ನು ಕೂರಿಸಿದರು.

ಇನ್ನು ಧೂಳು. ಮರಳು, ಇಂಜಿನ್ನಿಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಬ್ಲೇಡುಗಳ ಅಂಚನ್ನು ಸವೆಸುತ್ತೆ. ಅದೇ ಟಾರ್ಕ್ (ತಿರುಗಿಸುವ ಬಲ), ಅದೇ ಹವೆ, ಆದರೂ ಇಂಜಿನ್ ತಾಪ ಮೊದಲಿಗಿಂತ ಮೇಲೆ ತೋರಿಸಿದರೆ ಮೊದಲು ಕಂಪ್ರೆಸರ್ ತೊಳೆಸಿ. ಉಪ್ಪು, ಕೊಳೆ ಕಾರಣವಾಗಿದ್ದರೆ ತಾಪ ಇಳಿಯುತ್ತೆ. ಇಳಿಯದಿದ್ದರೆ ಸವೆತದ ಅನುಮಾನ, ಬೋರೋಸ್ಕೋಪ್ (ಇಂಜಿನ್ ಒಳಗೆ ಇಣುಕುವ ಕೊಳವೆ) ಹಾಕಿ ನೋಡಬೇಕು. ಅಲ್ಲಿಯವರೆಗೆ ಚಾರ್ಟ್ ತೋರಿಸುವ ಭಾರವನ್ನು ಆ ಯಂತ್ರದ ಮೇಲೆ ಹೇರಬೇಡಿ.