ಯಾರಿಗೆ ಯಾವ ಮಸಾಜು, ಪುಟ್ಟಿ ಕೇಳಿದ್ದಕ್ಕೆ

ಪುಟ್ಟಿ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಫೋನ್ ಗುಂಪಿಗೆ ಹಾಕಿದ ಮಸಾಜ್ ರೇಟ್ ಕಾರ್ಡ್ ಫೋಟೋ ನೋಡ್ದೆ. ಅಮ್ಮನ ಹುಟ್ಟಿದಹಬ್ಬಕ್ಕೆ ಬೆಂಗಳೂರಲ್ಲಿ 90 ನಿಮಿಷದ ಮಸಾಜ್ ಬುಕ್ ಮಾಡ್ಲಾ, ಸ್ವೀಡಿಷ್, ಡೀಪ್ ಟಿಶ್ಯೂ, ಥಾಯ್, ಹಾಟ್ ಸ್ಟೋನ್, ಅರೋಮಾ, ಅಭ್ಯಂಗ ಇದ್ರಲ್ಲಿ ಯಾವ್ದು ಒಳ್ಳೇದು, ನನ್ನ ಕತ್ತು ನೋವಿಗೂ ಒಂದು ಹೇಳಿ ಅತ್ತೆ ಅಂತ ಕೇಳಿದೀಯ. ಹೇಳ್ತೀನಿ. ಆದ್ರೆ ಅದರ ಕೆಳಗೆ ನಿಮ್ಮಪ್ಪ, ನಮ್ಮಣ್ಣ, ಒಂದು ಸಾಲು ಹಾಕಿದ್ದಾನಲ್ಲ, ಕಟ್ಟು ಬಿಚ್ಚಿ ಹತ್ತು ದಿನ ಆಯ್ತು, ಎಡಗಾಲಿನ ಮೀನಖಂಡ ಊದ್ಕೊಂಡು ನೋಯ್ತಿದೆ, ಯಾರನ್ನಾದ್ರೂ ಕರೆಸಿ ಎಣ್ಣೆ ಹಾಕಿ ನೀವಿಸ್ಕೊಳ್ಳಲಾ ಅಂತ, ಮೊದ್ಲು ಅದು.

ಅಣ್ಣ, ಆ ಕಾಲನ್ನ ಇವತ್ತು ಯಾರ ಕೈಗೂ ಕೊಡ್ಬೇಡ. ಅತ್ತಿಗೆ ಕೈಗೂ ಬೇಡ, ನಿನ್ನ ಕೈಗೂ ಬೇಡ. ಕಟ್ಟು ಹಾಕಿ ವಾರಗಟ್ಲೆ ಕಾಲು ಆಡಿಸದೆ ಇದ್ದಾಗ ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟಬಹುದು. ಒಂದೇ ಕಾಲು ಊದೋದು, ಮೀನಖಂಡ ಗಟ್ಟಿಯಾಗಿ ಬಿಗಿಯೋದು, ಇನ್ನೊಂದು ಕಾಲಿಗಿಂತ ಮುಟ್ಟಿದ್ರೆ ಬಿಸಿ ಇರೋದು, ಚರ್ಮ ಕೆಂಪಗೆ ಆಗೋದು, ಇವೇ ಅದರ ಗುರುತು. ಅದನ್ನ ನೀವಿದ್ರೆ ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಆಮೇಲೆ ಅದು ಕಾಲಿನ ಮಾತಲ್ಲ, ಪ್ರಾಣದ ಮಾತು. ಕಟ್ಟು ಬಿಚ್ಚಿದ ಮೇಲೆ ಎಲ್ರಿಗೂ ಸ್ವಲ್ಪ ಊತ ಬರುತ್ತೆ, ನಿಂದೂ ಅಷ್ಟೇ ಇರಬಹುದು. ಆದ್ರೆ ಕಣ್ಣಲ್ಲಿ ನೋಡಿ, ಕೈಯಲ್ಲಿ ಒತ್ತಿ ಅದನ್ನ ಹೇಳೋಕಾಗಲ್ಲ. ಡಾಪ್ಲರ್ ಸ್ಕ್ಯಾನ್ ಅಂತ ಇದೆ, ಚುಚ್ಚೋದಿಲ್ಲ ಏನಿಲ್ಲ, ಅದ್ರಲ್ಲಿ ಗೊತ್ತಾಗುತ್ತೆ. ಇವತ್ತೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಡಾಕ್ಟ್ರಿಗೆ ತೋರಿಸು, ನಾಳೆಗೆ ತಳ್ಳಬೇಡ. ದಾರೀಲಿ ಏನಾದ್ರೂ ಏದುಸಿರು ಬಂದ್ರೆ, ಎದೆ ಚುಚ್ಚಿದ್ರೆ, ಕೆಮ್ಮಿದಾಗ ರಕ್ತ ಕಂಡ್ರೆ 108ಕ್ಕೆ ಫೋನ್ ಮಾಡ್ರಪ್ಪ.

ಈಗ ಪುಟ್ಟಿ ನಿನ್ನ ಪ್ರಶ್ನೆಗೆ ಬರ್ತೀನಿ. ಕಾರ್ಡಲ್ಲಿ ಇರೋ ಹೆಸರು ನೋಡಿ ಆರಿಸ್ಬೇಡ. ಯಾರ ಮೈಗೆ, ಎಲ್ಲಿ ನೋವು, ಆ ಮೈ ಎಷ್ಟು ಒತ್ತಡ ತಡೆಯುತ್ತೆ, ಇದನ್ನ ನೋಡಿ ಆರಿಸು. ನಿಮ್ಮಮ್ಮ, ಅಂದ್ರೆ ನಮ್ಮ ಅತ್ತಿಗೆ, ಗುಂಪಲ್ಲಿ "ಚೆನ್ನಾಗಿ ಒತ್ತಿದ್ರೇನೇ ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ" ಅಂತ ಬರೆದಿದ್ದಾರೆ. ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಅದು ತಪ್ಪು. ಜಾಸ್ತಿ ಒತ್ತಿದ್ರೆ ನೋವಿಗೆ ಮೈ ತಾನಾಗೇ ಬಿಗ್ಕೊಳ್ಳುತ್ತೆ. ಬಿಗಿದ ಮಾಂಸಖಂಡನ ಇನ್ನೂ ಒತ್ತಿದ್ರೆ ಸಡಿಲ ಆಗಲ್ಲ, ಒಳಗೆ ಪೆಟ್ಟಾಗುತ್ತೆ.

ಅತ್ತಿಗೆಗೆ 58 ವರ್ಷ, ಶುಗರ್ ಇದೆ, ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ತೆಳ್ಳಗಾಗೋ ಮಾತ್ರೆ ತಗೋತಾರೆ, ಸಂಜೆ ಅಂಗಾಲು ಉರಿ, ಮಂಡಿ ನೋವು. ಹಂಗಾಗಿ ಡೀಪ್ ಟಿಶ್ಯೂ ಬೇಡವೇ ಬೇಡ. ಮೊಣಕೈಯಲ್ಲಿ, ಬೆರಳ ಗಿಣ್ಣಲ್ಲಿ ಆಳಕ್ಕೆ ಒತ್ತೋದು ಅದು, ಆ ಮಾತ್ರೆ ತಗೊಳ್ಳೋರಿಗೆ ಮೈಯೆಲ್ಲ ನೀಲಿ ಕಟ್ಟುತ್ತೆ. ಹಾಟ್ ಸ್ಟೋನ್ ಅಂದ್ರೆ ಬಿಸಿನೀರಲ್ಲಿ ಕಾಯಿಸಿದ ನುಣುಪು ಕಲ್ಲು ಬೆನ್ನ ಮೇಲೆ, ಕಾಲ ಮೇಲೆ ಇಡೋದು. ಶುಗರ್‌ನಿಂದ ಅಂಗಾಲಿನ ಸ್ಪರ್ಶ ಕಮ್ಮಿ ಆಗಿರೋರಿಗೆ ಕಲ್ಲು ಸುಡ್ತಿದೆ ಅಂತಲೇ ಗೊತ್ತಾಗಲ್ಲ, ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತೆ, ಆ ಗಾಯ ಮಾಯೋಕೆ ತಿಂಗಳು ಹಿಡಿಯುತ್ತೆ. ಥಾಯ್‌ನಲ್ಲಿ ಎಣ್ಣೆ ಇಲ್ಲ, ಬಟ್ಟೆ ಹಾಕ್ಕೊಂಡೇ ನೆಲದ ಹಾಸಿಗೆ ಮೇಲೆ ಮಲಗಿಸಿ, ಕೈಕಾಲು ಎಳೆದು, ಮಡಚಿ, ತಿರುಗಿಸಿ ಮಾಡ್ತಾರೆ. ಒಳ್ಳೆ ವಿದ್ಯೆ ಅದು, 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಆದ್ರೆ ಮಂಡಿ ಸವೆದಿರೋರು, ಡಿಸ್ಕ್ ತೊಂದರೆ ಇರೋರು, ಮೂಳೆ ಟೊಳ್ಳಾಗಿರೋರು ಮಾಡಿಸ್ಕೋಬಾರದು. ಆರೋಗ್ಯವಾಗಿದ್ದು, ಕೂತು ಕೂತು ಮೈ ಜಡ್ಡು ಕಟ್ಟಿರೋ ಹುಡುಗ್ರಿಗೆ ಸರಿ.

ಅಮ್ಮನಿಗೆ ಸರಿಯಾಗೋದು ಎರಡು. ಒಂದು ಸ್ವೀಡಿಷ್, ಹಗುರ ಒತ್ತಡದಲ್ಲಿ, 90 ಬೇಡ, 45ರಿಂದ 60 ನಿಮಿಷ ಸಾಕು. ಉದ್ದಕ್ಕೆ ನೀವೋದು, ಹಿಟ್ಟು ನಾದಿದಂಗೆ ನಾದೋದು, ಬೆರಳಲ್ಲಿ ಸುತ್ತ ಉಜ್ಜೋದು, ತಟ್ಟೋದು, ನಡುಗಿಸೋದು, ಈ ಐದೇ ಅದರ ಕೈಚಳಕ. ಅಮ್ಮನಿಗೆ ಮೊದಲ ಎರಡು ಸಾಕು, ತಟ್ಟೋದು ಬೇಡ ಅಂತ ಮೊದಲೇ ಹೇಳು. ಇನ್ನೊಂದು ಅಭ್ಯಂಗ, ಅಂದ್ರೆ ಆಯುರ್ವೇದದ ಪ್ರಕಾರ ಮೈಗೆ ಎಣ್ಣೆ ಹಚ್ಚಿ ನೀವೋದು. ಅದು ಬೆಂಗಳೂರಿಗೆ ಹೋಗಿಯೇ ಆಗಬೇಕು ಅಂತೇನಿಲ್ಲ. ಸರ್ಕಾರಿ ಆಯುಷ್ ಆಸ್ಪತ್ರೆಯಲ್ಲಿ ಬಿಎಎಂಎಸ್ ಅನ್ನೋ ಆಯುರ್ವೇದ ಡಿಗ್ರಿ ಮಾಡಿದ ಡಾಕ್ಟ್ರು ಮೈ ನೋಡಿ ಎಣ್ಣೆ ಬರೆದುಕೊಡ್ತಾರೆ. ಎಲ್ಲಿ ಹೋದ್ರೂ ಸ್ಟೆಂಟು, ಮಾತ್ರೆ ಹೆಸರು, ಶುಗರ್ ಮೊದಲು ಹೇಳ್ಬೇಕು. ಸ್ಟೆಂಟ್ ಹಾಕಿದ ಡಾಕ್ಟ್ರನ್ನೂ ಒಂದ್ಸಲ ಕೇಳ್ಬಿಡಿ. ಇನ್ಸುಲಿನ್ ಚುಚ್ಕೊಂಡಿದ್ರೆ ಅವತ್ತು ಆ ಜಾಗ ಉಜ್ಜಬಾರದು, ಔಷಧಿ ಬೇಗ ರಕ್ತಕ್ಕೆ ಸೇರಿ ಶುಗರ್ ಇಳಿದುಬಿಡುತ್ತೆ. ಖಾಲಿ ಹೊಟ್ಟೇಲೂ ಹೋಗ್ಬೇಡಿ, ಊಟ ಮಾಡಿದ ತಕ್ಷಣವೂ ಬೇಡ, ತಿಂಡಿ ಆಗಿ ಒಂದೂವರೆ ಎರಡು ಗಂಟೆ ಬಿಡಿ.

ಮಂಡಿ ನೋವಿಗೆ ಎಲ್ರೂ ಮಂಡಿ ಚಿಪ್ಪನ್ನೇ ಹಿಡ್ಕೊಂಡು ಉಜ್ಜುತ್ತಾರೆ. ಚಿಪ್ಪಲ್ಲಿ ಉಜ್ಜೋಕೆ ಮಾಂಸವೇ ಇಲ್ಲ. ಮಂಡಿಯ ಭಾರ ಹೊರೋದು ತೊಡೆಯ ಮುಂಭಾಗದ ಖಂಡ, ಅದನ್ನ ಮಂಡಿಯಿಂದ ಮೇಲಕ್ಕೆ ಅಂಗೈಯಲ್ಲಿ ಐದು ನಿಮಿಷ ನೀವಬೇಕು. ಮಂಡಿ ಹಿಂದಿನ ಗುಳಿ ಒತ್ತಬಾರದು, ದೊಡ್ಡ ರಕ್ತನಾಳ, ನರ ಎರಡೂ ಅಲ್ಲಿ ಚರ್ಮಕ್ಕೆ ಹತ್ತಿರ ಹೋಗುತ್ತೆ. ಮಂಡಿ ಊದಿ ಬಿಸಿ ಇರೋ ದಿನ ಮುಟ್ಟಲೇಬೇಡಿ. ಎಣ್ಣೆ ಎಷ್ಟೇ ಒಳ್ಳೇದಾದ್ರೂ ಮೂಳೆ ತುದಿಯಲ್ಲಿ ಸವೆದುಹೋದ ಮೆತ್ತನೆ ಪದರ ಮತ್ತೆ ಬೆಳೆಯಲ್ಲ. ನೋವು, ಬಿಗಿತ ಕಮ್ಮಿ ಆಗುತ್ತೆ, ಅಷ್ಟೇ. ಜೊತೆಗೆ ಕುರ್ಚಿ ಮೇಲೆ ಕೂತು ಕಾಲು ನೇರ ಚಾಚಿ ಹತ್ತು ಎಣಿಸಿ ಇಳಿಸೋದು, ಒಂದೊಂದು ಕಾಲಿಗೆ ಹತ್ತು ಸಲ ಮಾಡಿದ್ರೆ ಆ ತೊಡೆ ಗಟ್ಟಿಯಾಗುತ್ತೆ.

ಮನೇಲಿ ಎಣ್ಣೆ ಹಚ್ಚೋದಾದ್ರೆ ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ, ಎಲ್ರೂ ತಪ್ಪೋದು ಇಲ್ಲೇ. ಮೈಗೆ 60 ಎಂಎಲ್ ಎಳ್ಳೆಣ್ಣೆ, ತಲೆಗೆ ಬೇರೆ 15 ಎಂಎಲ್. ನಮ್ಮ ಕಡೆ ಡಿಸೆಂಬರ್ ಚಳಿಗೆ ಎಳ್ಳೆಣ್ಣೆ ಚೆನ್ನ, ಬೇಸಿಗೇಲಿ ಕೊಬ್ಬರಿ ಎಣ್ಣೆ. ಹರಳೆಣ್ಣೆ ಒಂದೇ ಹಾಕಿದ್ರೆ ಜಿಗುಟು, ಕೈ ಜಾರಲ್ಲ, ಚರ್ಮ ಎಳೆಯುತ್ತೆ, ಬೇಕು ಅನ್ನೋರು ಮೂರು ಪಾಲು ಎಳ್ಳೆಣ್ಣೆಗೆ ಒಂದು ಪಾಲು ಹಾಕಿ. ಬಾಣಲೇಲಿ ನೇರ ಒಲೆ ಮೇಲೆ ಕಾಯಿಸ್ಬೇಡಿ. ಎಣ್ಣೆ ಬಿಸಿ ಆಗಿರೋದು ಕಣ್ಣಿಗೆ ಕಾಣಲ್ಲ, ಹೊಗೆ ಇಲ್ಲ ಅಂದ್ರೂ ಚರ್ಮ ಸುಡೋ ಅಷ್ಟು ಇರುತ್ತೆ. ಬಟ್ಟಲನ್ನ ಬಿಸಿನೀರಿನ ಪಾತ್ರೇಲಿ ಐದು ನಿಮಿಷ ಇಡಿ, ಹಚ್ಚೋರ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಕೊಂಡು ನೋಡಿ, ಬೆಚ್ಚಗೆ ಅನ್ನಿಸಿದ್ರೆ ಸಾಕು. ಅತ್ತಿಗೆ, ನಿಮ್ಮ ಅಂಗಾಲಲ್ಲಿ ಬಿಸಿ ಪರೀಕ್ಷೆ ಮಾಡ್ಬೇಡಿ.

ಕೈಕಾಲಿಗೆ ಉದ್ದಕ್ಕೆ, ಕೀಲಿಗೆ ಸುತ್ತ, ಹೊಟ್ಟೆಗೆ ಗಡಿಯಾರದ ಮುಳ್ಳು ತಿರುಗೋ ಕಡೆಗೆ ಹಗುರವಾಗಿ. ಬೆನ್ನಲ್ಲಿ ಬೆನ್ನುಮೂಳೆ ಮೇಲೆ ಒತ್ತಬಾರದು, ಅದರ ಎರಡೂ ಪಕ್ಕದ ಖಂಡದ ಮೇಲೆ ಮಾತ್ರ. ಕೈ ಹೋಗೋ ದಿಕ್ಕಿನ ಬಗ್ಗೆ ಎರಡು ಮಾತಿದೆ. ಆಯುರ್ವೇದದವ್ರು ರೋಮ ಇರೋ ದಿಕ್ಕಿಗೆ, ಅಂದ್ರೆ ಮೇಲಿಂದ ಕೆಳಕ್ಕೆ ಅಂತಾರೆ. ಸ್ವೀಡಿಷ್‌ನವ್ರು ರಕ್ತ ವಾಪಸ್ ಹೋಗೋ ಕಡೆಗೆ, ಹೃದಯದ ಕಡೆಗೆ ಅಂತಾರೆ. ಮನೇಲಿ ಮಾಡೋರು ಕೆಳಕ್ಕೆ ಬರುವಾಗ ಕೈ ಹಗುರ ಬಿಟ್ಟು, ಮೇಲಕ್ಕೆ ಹೋಗುವಾಗ ಸ್ವಲ್ಪ ಭಾರ ಕೊಟ್ರೆ ಎರಡಕ್ಕೂ ಹೊಂದುತ್ತೆ. ಒಟ್ಟು 20ರಿಂದ 30 ನಿಮಿಷ, ಆಮೇಲೆ ಕಾಲು ಗಂಟೆ ಕೂತಿದ್ದು ಸ್ನಾನ. ಕಡ್ಲೆಹಿಟ್ಟು, ಸೀಗೆಪುಡಿ ಹಾಕಿ ತೊಳ್ಕೊಳ್ಳಿ. ಬಚ್ಚಲಲ್ಲಿ ಒರಟು ಮ್ಯಾಟ್ ಹಾಕಿ, ಅಂಗಾಲು ಮೊದಲು ಒರೆಸಿ ಒಳಗೆ ಹೋಗಿ. ಎಣ್ಣೆ ಸ್ನಾನದ ದಿನ ಟೈಲ್ಸ್ ಮೇಲೆ ಜಾರಿ ಸೊಂಟ ಮುರ್ಕೊಳ್ಳೋದು ವಯಸ್ಸಾದವ್ರಿಗೆ ದೊಡ್ಡ ಅಪಾಯ. ಜ್ವರ, ನೆಗಡಿ ಕಟ್ಟಿರೋದು, ಅಜೀರ್ಣ ಇದ್ದಾಗ ಅಭ್ಯಂಗ ಬೇಡ ಅಂತ ಹಿಂದಿನವರೇ ಹೇಳಿದ್ದಾರೆ. ಇನ್ನೊಂದು ವಿಷ್ಯ, ರೇಷ್ಮೆ ಹುಳದ ಮನೆ ಕೆಲಸ ಇರೋ ದಿನ ನೀಲಗಿರಿ, ಕರ್ಪೂರ ಹಾಕಿದ ಎಣ್ಣೆ ಹಚ್ಕೊಂಡ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಬೇಡಿ, ಘಾಟು ವಾಸನೆ ಹುಳಕ್ಕೆ ಆಗಲ್ಲ. ಹುಳ ನಾಲ್ಕನೇ ಜ್ವರ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ ಸೊಪ್ಪು ಹೊತ್ತು ಸೊಂಟ ಬಿಗಿಯೋದು ಗೊತ್ತು, ಆ ವಾರ ಬಿಸಿನೀರಿನ ಚೀಲ ಇಟ್ಕೊಳ್ಳಿ, ಎಣ್ಣೆ ಗೂಡು ಬಿಡಿಸಿದ ಮೇಲೆ ಆಗ್ಲಿ.

ಪುಟ್ಟಿ, ನಿಂಗೆ. ಕಂಪ್ಯೂಟರ್ ಮುಂದೆ ಕೂತು ಬಲಭುಜದಲ್ಲಿ ಗಂಟು ಕಟ್ಟಿದೆ ಅಂತೀಯ. ಎಲ್ರೂ ನರ ಹಿಡ್ಕೊಂಡಿದೆ ಅಂತಾರೆ, ಅದು ಸಾಮಾನ್ಯವಾಗಿ ನರ ಅಲ್ಲ, ಖಂಡ. ನಿಜವಾಗ್ಲೂ ನರವೇ ಒತ್ತಿದ್ರೆ ನೋವು ತೋಳಿಂದ ಬೆರಳವರೆಗೆ ಹರಿಯುತ್ತೆ, ಜೋಮು ಹಿಡಿಯುತ್ತೆ, ಲೋಟ ಹಿಡಿದ್ರೆ ಕೈ ಸೋಲುತ್ತೆ. ಹಾಗಿದ್ರೆ ಮಸಾಜ್ ಬಿಟ್ಟು ಡಾಕ್ಟ್ರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸು. ಬರೀ ಗಂಟಾದ್ರೆ ನಿಂಗೆ ಡೀಪ್ ಟಿಶ್ಯೂ ಸರಿ, ಪೂರ್ತಿ ಮೈಗಲ್ಲ, ಕತ್ತು, ಭುಜ, ಬೆನ್ನಿಗೆ 30 ನಿಮಿಷ. ನೋವನ್ನ ಹತ್ತರಲ್ಲಿ ಅಳತೆ ಮಾಡು, ಆರು ದಾಟಿದ್ರೆ ಕಮ್ಮಿ ಮಾಡಿ ಅಂತ ಬಾಯಿಬಿಟ್ಟು ಹೇಳು. ಉಸಿರು ಬಿಗಿ ಹಿಡಿದ್ರೆ ಒತ್ತಡ ಜಾಸ್ತಿ ಆಯ್ತು ಅಂತಲೇ ಅರ್ಥ. ಒಂದೆರಡು ದಿನ ಮೈಕೈ ನೋವು ಸಹಜ, ಮೂರನೇ ದಿನಕ್ಕೂ ಉಳಿದ್ರೆ, ನೀಲಿ ಕಟ್ಟಿದ್ರೆ ಅತಿಯಾಗಿ ಒತ್ತಿದ್ದಾರೆ. ದಿನಾ ದುಡ್ಡು ಕೊಡೋಕಾಗಲ್ಲ ಅಂದ್ರೆ ಒಂದು ಟೆನಿಸ್ ಚೆಂಡು ಗೋಡೆಗೂ ಭುಜದ ಹಿಂಭಾಗಕ್ಕೂ ಮಧ್ಯ ಇಟ್ಟು, ಗಂಟಿನ ಮೇಲೆ 30 ಸೆಕೆಂಡ್ ಒರಗಿ ನಿಲ್ಲು, ಮೂರು ನಾಲ್ಕು ಸಲ.

ಕತ್ತು ತಿರುಗಿಸಿ ಲಟಕ್ ಅನ್ನಿಸೋದನ್ನ ಮಾತ್ರ ಯಾರೂ ಮಾಡಿಸ್ಕೋಬೇಡಿ. ಕಟಿಂಗ್ ಶಾಪಲ್ಲಿ ಕಟಿಂಗ್ ಆದ ಮೇಲೆ ಪುಕ್ಕಟೆ ಅಂತ ಮಾಡ್ತಾರಲ್ಲ, ಅದೇ. ಮಿದುಳಿಗೆ ರಕ್ತ ಒಯ್ಯೋ ನಾಳ ಕತ್ತಿನ ಮೂಳೆಗಳ ರಂಧ್ರದಲ್ಲೇ ಹಾದು ಹೋಗುತ್ತೆ. ಗಕ್ಕನೆ ತಿರುಗಿಸಿದಾಗ ಅದರ ಒಳಪದರ ಹರಿದ್ರೆ ಲಕ್ವ ಹೊಡೆಯಬಹುದು, ಚಿಕ್ಕ ವಯಸ್ಸಿನವ್ರಿಗೂ ಆಗಿದೆ. ತಲೆಗೆ ಎಣ್ಣೆ ತಟ್ಟಿಸ್ಕೊಳ್ಳಿ, ಕತ್ತು ಕೊಡ್ಬೇಡಿ.

ಉಳಿದಿದ್ದು ಬೇಗ ಹೇಳ್ಬಿಡ್ತೀನಿ. ಅರೋಮಾ ಅಂದ್ರೆ ಸ್ವೀಡಿಷ್‌ಗೇ ಪರಿಮಳದ ಎಣ್ಣೆ ಸೇರಿಸಿದ್ದು. 30 ಎಂಎಲ್ ಎಣ್ಣೆಗೆ 12 ಹನಿ ದಾಟಬಾರದು, ನೇರ ಚರ್ಮಕ್ಕೆ ಹಚ್ಚಿದ್ರೆ ಉರಿದು ಗಂದೆ ಏಳುತ್ತೆ. ಪುಡಿ ಹಾಕಿ ಉಜ್ಜೋ ಉದ್ವರ್ತನದಿಂದ ಚರ್ಮ ಚೆನ್ನಾಗಾಗುತ್ತೆ, ಆದ್ರೆ ಬೊಜ್ಜು ಕರಗುತ್ತೆ ಅನ್ನೋದು ನಂಬ್ಬೇಡಿ. ಮಸಾಜ್ ಆದ ಮೇಲೆ ಲೀಟರ್‌ಗಟ್ಲೆ ನೀರು ಕುಡಿದ್ರೆ ವಿಷ ಹೊರಗೆ ಹೋಗುತ್ತೆ ಅನ್ನೋದೂ ಅಷ್ಟೇ, ಬಾಯಾರಿದಷ್ಟು ಕುಡೀರಿ. ಉಳುಕಿದ ಕಾಲನ್ನ ಮೊದಲ ಎರಡು ಮೂರು ದಿನ ನೀವಬಾರದು, ಒಳಗೆ ರಕ್ತ ಸೋರ್ತಿರುತ್ತೆ, ಊತ ಹೆಚ್ಚುತ್ತೆ. ಬಟ್ಟೇಲಿ ಸುತ್ತಿದ ಐಸ್ 15 ನಿಮಿಷ ಇಟ್ಟು ಕಾಲು ಎತ್ತರಕ್ಕಿಡಿ, ನಾಲ್ಕು ಹೆಜ್ಜೆ ಇಡೋಕೂ ಆಗ್ದೆ ಇದ್ರೆ ಎಕ್ಸ್‌ರೇ. ಸೊಂಟ ನೋವಿನ ಜೊತೆ ತೊಡೆ ಸಂದಿ ಮರಗಟ್ಟಿದ್ರೆ, ಮೂತ್ರ ಹಿಡಿತ ತಪ್ಪಿದ್ರೆ, ಅದೇ ಕ್ಷಣ ಆಸ್ಪತ್ರೆ.

ಹಂಗಾದ್ರೆ ಪುಟ್ಟಿ, ಆ 90 ನಿಮಿಷದ್ದು ಬುಕ್ ಮಾಡ್ಬೇಡ. ಅಮ್ಮನಿಗೆ ಹಗುರ ಸ್ವೀಡಿಷ್ ಒಂದು ಗಂಟೆ, ಹೆಂಗಸರೇ ಮಾಡೋ ಕಡೆ. ಫೋನ್ ಮಾಡಿ ಮೂರು ಕೇಳು: ಮಾಡೋರು ಎಲ್ಲಿ ಕಲಿತಿದ್ದಾರೆ, ಹಾಸಿಗೆ ಬಟ್ಟೆ ಪ್ರತಿಯೊಬ್ಬರಿಗೂ ಬದಲಾಯಿಸ್ತಾರಾ, ಕಾಯಿಲೆ ಬಗ್ಗೆ ಮೊದಲೇ ವಿಚಾರಿಸ್ತಾರಾ. ಶುಗರ್, ಸ್ಟೆಂಟ್ ಅಂದ ಮೇಲೂ ಒಂದು ಪ್ರಶ್ನೆ ಕೇಳದೆ ಬನ್ನಿ ಅಂದ್ರೆ ಆ ಜಾಗ ಬೇಡ. ಅಣ್ಣ, ಹೊರಟ್ಯಾ? ಸ್ಕ್ಯಾನ್ ಆದ ತಕ್ಷಣ ರಿಪೋರ್ಟ್ ಫೋಟೋ ಗುಂಪಿಗೆ ಹಾಕು.