ಈಗ ಯಾರ ರಿಕಾರ್ಡಿಂಗ್ ಕೇಳಾಕತ್ತೀರಿ? ಹಳೇ ಪ್ಲೇಟು ಎಲ್ಲಿಂದ ಶುರು ಮಾಡ್ಲಿ?

ತಂಬೂರಿತಂತಿ (ಬೆಳಗಾವಿ)

ನಮಸ್ಕಾರ ಎಲ್ಲಾರಿಗೂ. ಈ ವಾರ ನೀವೆಲ್ಲಾ ಏನ್ ಕೇಳಾಕತ್ತೀರಿ ಹೇಳ್ರಿ, ಹಿಂದುಸ್ತಾನಿ ಯಾವ್ದಾದ್ರೂ ನಡೀತೈತಿ. ನಂದು ಮೊದ್ಲ ಹೇಳಿಬಿಡ್ತೀನಿ. ಇಲ್ಲೆ ಮಳಿ ಹಿಡದೈತಿ, ಸಂಜಿಗೆ ಹೊರಗ ಹೋಗೂ ಹಂಗಿಲ್ಲ, ಊಟ ಆದಮ್ಯಾಲ ಮಲ್ಲಿಕಾರ್ಜುನ ಮನ್ಸೂರರ ಗೌಡ ಮಲ್ಹಾರ ಹಚ್ಕೊಂಡು ಕೂಡ್ತೀನಿ. ಅವರು ರಾಗ ನಿಧಾನಕ್ಕ ಬಿಡಿಸೋ ಆಲಾಪಕ್ಕಂತ ಬ್ಯಾರೆ ಹೊತ್ತು ಕಳ್ಯಾಂಗಿಲ್ಲ ನೋಡ್ರಿ, ಸ್ವಲ್ಪ ಸಾ ಹಚ್ಚಿ ಸೀದಾ ಹಾಡಿಗೆ, ಅಂದ್ರ ಚೀಜ್‌ಗೆ ಬಂದುಬಿಡ್ತಾರ, ಆಮ್ಯಾಲ ಒಂದು ತಾನ (ಸ್ವರಗಳ ವೇಗದ ಓಟ) ಎಲ್ಲಿ ಮುಗೀತು ಇನ್ನೊಂದು ಎಲ್ಲಿ ಚಾಲೂ ಆತು ತಿಳಿಯೂದ ಇಲ್ಲ, ಸಮ್ (ತಾಳದ ಮೊದಲ ಪೆಟ್ಟು) ಬಂತು ಅಂತ ನಾವು ಕೈ ಎತ್ತೂದ್ರಾಗ ಅವರು ಅದನ್ನ ಹಿಡದು ಮುಂದಿನ ಮಾತಿಗೆ ಹೋಗಿರ್ತಾರ. ಬಿಹಾರಿ, ಸಾವನಿ, ಖಟ್, ಏಕ್ ನಿಷಾದ್ ಬಿಲಾವಲ್, ಬ್ಯಾರೆಯವರು ಅಪರೂಪಕ್ಕ ಮುಟ್ಟೋ ರಾಗನೂ ಅವರ ಬಾಯಾಗ ದಿನಾ ಆಡೋ ಮಾತು ಆಗಿ ಬರ್ತಾವು. ಜೈಪುರ ಘರಾಣೆಯ (ಹಾಡುಗಾರಿಕೆಯ ಮನೆತನ) ಉಸ್ತಾದರು ಮಂಜಿಖಾನ್, ಭುರ್ಜಿಖಾನ್ ಕಡೆ ಕಲ್ತದ್ದು ಹೌದು, ಆದ್ರ ಅದಕ್ಕೂ ಮೊದ್ಲ ನೀಲಕಂಠಬುವಾ ಮಿರಜಕರ ಕಡೆ ಗ್ವಾಲಿಯರ್ ಘರಾಣೆಯ ತಾಲೀಮು ಆಗಿತ್ತಲ್ಲ, ಆ ಲಯದ ಗಟ್ಟಿತನ ಅಲ್ಲಿಂದ ಬಂದದ್ದು ಅಂತ ನನಗ ಅನಸ್ತೈತಿ.

ಈಗ ಪ್ರಶ್ನೆ. 78ರ (ನಿಮಿಷಕ್ಕ 78 ಸುತ್ತು ತಿರುಗೋ) ಗ್ರಾಮಾಫೋನ್ ಪ್ಲೇಟು ಅದಾವಲ್ಲ, ಒಂದು ಬದಿಗೆ ಮೂರು ನಿಮಿಷ, ಅವನ್ನ ನಾ ಇನ್ನೂ ಮನಸ್ಸಿಟ್ಟು ಕೇಳಿಲ್ಲ. ಬರೇ ಕರ ಕರ ಸಪ್ಪಳದಾಗ ಏನೂ ಹತ್ತೂದಿಲ್ಲ ಅಂತ ಬಿಟ್ಟುಬಿಡ್ತಿದ್ದೆ. ಯಾರಿಂದ ಶುರು ಮಾಡ್ಲಿ, ಹೆಂಗ ಕೇಳ್ಲಿ?

ಮಿರಜ್_ಲೈನ್ (ಚಿಕ್ಕೋಡಿ)

ಅಣ್ಣಾ ಕಿರಾಣಾ ಘರಾಣೆಯ ಹಾಡುಗಾರ ಅಬ್ದುಲ್ ಕರೀಂಖಾನರಿಂದ ಶುರು ಮಾಡ್ರಿ, ಬ್ಯಾರೆ ಮಾತ ಇಲ್ಲ. ಝಿಂಝೋಟಿ ರಾಗದ ಠುಮರಿ (ಭಾವದ ಲಘು ಹಾಡು) ಪ್ಲೇಟು ಮೊದ್ಲ ಕೇಳ್ರಿ. ನಮ್ಮ ಭೀಮಸೇನ ಜೋಶಿಯವರು ಗದಗಿನ್ಯಾಗ ಸಣ್ಣ ಹುಡುಗ ಇದ್ದಾಗ ಅಂಗಡ್ಯಾಗ ಹಚ್ಚಿದ್ದ ಅದ ಪ್ಲೇಟು ಕೇಳಿ, ಹಿಂಗ ಹಾಡೂದು ಕಲೀಬೇಕು ಅಂತ ಹನ್ನೊಂದರ ವಯಸ್ಸಿನ್ಯಾಗ ಮನಿ ಬಿಟ್ಟು ಗುರು ಹುಡುಕ್ಕೋತ ಹೋದ್ರು. ಮೂರು ನಿಮಿಷದ ಪ್ಲೇಟು ಒಬ್ಬ ಹುಡುಗನ್ನ ಮನಿ ಬಿಡಸ್ತಂದ್ರ ಅದರಾಗ ಏನಿತ್ತು ಅನ್ನೂದು ಕೇಳಿದ್ರ ತಿಳೀತೈತಿ. ಕಡೀಕ ಅವರು ಖಾನಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಕಡೆ ಕುಂದಗೋಳಕ್ಕ ಬಂದು ಕಲ್ತ್ರು, ಅಂದ್ರ ಆ ಪ್ಲೇಟಿನ ಮನೆತನಕ್ಕ ಬಂದು ಮುಟ್ಟಿದ್ರು.

ಕೇಳೂ ಮುಂದ ಒಂದು ಕೆಲಸ ಮಾಡ್ರಿ, ತಾನ ಹುಡುಕಬ್ಯಾಡ್ರಿ. ಆ ದನಿ ಸಣ್ಣಂದು, ಎತ್ತರದ್ದು, ಸ್ವರದ ಮ್ಯಾಲ ಒತ್ತು ಹಾಕಾಂಗಿಲ್ಲ, ಪಂಚಮ ಹಚ್ಚಿ ಅದನ್ನ ಹಂಗ ತೇಲಿ ಬಿಡ್ತಾರ, ಆ ನಿಂತ ಸ್ವರನ ಹಿಡೀರಿ. ಕರ ಕರ ಸಪ್ಪಳ ತಾನಾಗಿ ಹಿಂದ ಸರೀತೈತಿ. ಆಮ್ಯಾಲ ಅವರದ್ದ ಖರಹರಪ್ರಿಯ ರಾಗದ ಪ್ಲೇಟು ಹುಡುಕ್ರಿ, ಮೈಸೂರು ಆಸ್ಥಾನಕ್ಕ ಹೋಗಿ ಬರ್ತಿದ್ರಲ್ಲ, ಕರ್ನಾಟಕ ಪದ್ಧತಿ ಮ್ಯಾಲ ಪ್ರೀತಿ ಇತ್ತು, ತ್ಯಾಗರಾಜರ ಕೃತಿ ಹಾಡಿ ಪ್ಲೇಟು ಕೊಟ್ಟಾರ, ಆಗಿನ ಕಾಲಕ್ಕ ಉತ್ತರದ ಉಸ್ತಾದರು ಇದನ್ನ ಮಾಡಿದ್ದು ದೊಡ್ಡ ಮಾತು. 1937ರಾಗ ದಕ್ಷಿಣದ ಪ್ರವಾಸದಾಗ ತೀರಿಕೊಂಡ್ರು, ಮಿರಜಿನ ದರ್ಗಾದಾಗ ಮಣ್ಣು ಮಾಡ್ಯಾರ, ಉರುಸಿಗೆ ಈಗಲೂ ದೊಡ್ಡ ದೊಡ್ಡವರು ಬಂದು ಹಾಡಿ ಹೋಗ್ತಾರ. ನೀವು ಬೆಳಗಾವಿಯವರು, ರೈಲು ಹತ್ತಿದ್ರ ಮಿರಜ್ ಬಂತು, ಹೋದಾಗ ತಂಬೂರಿ ಮಾಡೋರ ಓಣಿಗೂ ಹೋಗಿ ಬರ್ರಿ.

ಗೋಳಗುಮ್ಮಟ (ವಿಜಯಪುರ)

ತಂಬೂರಿತಂತಿ ಅವರ, ಪ್ಲೇಟು ಕೇಳ್ರಿ, ಆದ್ರ ನೆಟ್ಟಿನ್ಯಾಗ ಸಿಗೋದೆಲ್ಲಾ ನಂಬಬ್ಯಾಡ್ರಿ. ಹಳೇ ಪ್ಲೇಟೆಲ್ಲಾ ಸರಿಯಾಗಿ 78ಕ್ಕ ಮುದ್ರಣ ಆಗಿರೂದಿಲ್ಲ, ಸ್ವಲ್ಪ ಹೆಚ್ಚುಕಮ್ಮಿ ಇರ್ತದ, ಮ್ಯಾಲ ಅದನ್ನ ಯಾರೋ ಕ್ಯಾಸೆಟ್‌ಗೆ ಇಳಿಸಿ, ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಏರಿಸಿರ್ತಾರ, ಆ ಡೆಕ್ಕಿನ ಮೋಟರ್ ಜೋರ್ ಓಡಿದ್ರ ಮುಗೀತು. ವೇಗ ನೂರಕ್ಕ ಆರರಷ್ಟು ಜಾಸ್ತಿ ಆದ್ರ ಶ್ರುತಿ ಹಾರ್ಮೋನಿಯಂ ಪೇಟಿಯ ಒಂದು ಪಟ್ಟಿ ಪೂರಾ ಏರ್ತದ, ದನಿ ತೆಳ್ಳಗ ಆಗ್ತದ, ತಬಲಾ ಟಕ ಟಕ ಅನ್ನಾಕ ಶುರು ಮಾಡ್ತದ. ಖಾನಸಾಹೇಬರ ದನಿ ಮೊದಲ ಎತ್ತರದ್ದು, ಮ್ಯಾಲ ಇದೂ ಸೇರಿದ್ರ ಅವರಿಗೆ ಅನ್ಯಾಯ ಆಗ್ತದ. ಒಬ್ಬರದ ನಾಕಾರು ರಿಕಾರ್ಡಿಂಗ್ ತಂಬೂರಿ ಆ್ಯಪ್ ಹಚ್ಚಿ ಹೋಲಿಸಿ ನೋಡ್ರಿ, ಒಂದ ಒಂದು ಉಳದೆಲ್ಲಕ್ಕಿಂತ ಏರಿದ್ದು ಕಂಡ್ರ ಅದರ ಮ್ಯಾಲ ಸಂಶಯ ಇಡ್ರಿ. ಪ್ಲೇಯರ್‌ದಾಗ ವೇಗ ಇಳಿಸೋ ಸೌಲಭ್ಯ ಇರ್ತದ, ಆದ್ರ ಶ್ರುತಿ ಹಂಗ ಇಟ್ಟು ಬರೇ ವೇಗ ಇಳಿಸೋದು ಬ್ಯಾಡ, ಎರಡೂ ಕೂಡಿ ಇಳೀಬೇಕು.

ನಾ ಕೇಳ್ಲಕತ್ತಿದ್ದು ಗಂಗೂಬಾಯಿ ಹಾನಗಲ್ಲರನ್ನ. ಪ್ಲೇಟಿನ ಕಾಲದ್ದೂ ಆಮೇಲಿಂದೂ ಎರಡನ್ನೂ ಒಂದರ ಬೆನ್ನಿಗೆ ಒಂದು ಹಚ್ಚಿ ಕೇಳ್ರಿ. 1930ರ ದಶಕದ ಪ್ಲೇಟಿನ್ಯಾಗ ದನಿ ಸಣ್ಣಂದು, ಚುರುಕು. ಆಮೇಲೆ ಟಾನ್ಸಿಲ್ ಚಿಕಿತ್ಸೆ ಆತು, ದನಿ ದಪ್ಪ ಆತು, ಗಂಡಸರ ದನಿ ಅಂತ ಮಂದಿ ಅಂದ್ರು. ಆ ತಾಯಿ ಆ ದನಿಯನ್ನ ಇಟ್ಕೊಂಡ ಮಾರವಾ ರಾಗ ಹಾಡಿದ್ರು, ಕೋಮಲ ರಿಷಭ ಹಚ್ಚಿ ಷಡ್ಜಕ್ಕ ಬರದ ಕಾಯಿಸ್ತಾರ ನೋಡ್ರಿ, ಕುಂತಲ್ಲೇ ಮೈ ಬಿಗೀತದ. ಮಗಳು ಕೃಷ್ಣಾ ಹಾನಗಲ್ಲರು ಹಿಂದ ದನಿ ಕೂಡಿಸಿದ ರಿಕಾರ್ಡಿಂಗ್ ಸಿಕ್ಕ್ರ ಅದನ್ನ ಬಿಡಬ್ಯಾಡ್ರಿ. ನಮ್ಮೂರಿನ ಸುಲ್ತಾನ ಎರಡನೇ ಇಬ್ರಾಹಿಂ ಆದಿಲಶಾಹ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ, ಆ ಪ್ರೀತಿ ಏನಂಬೂದು ಇಂಥಾ ಹಾಡು ಕೇಳಿದಾಗ ತಿಳೀತದ.

ತಂಬೂರಿತಂತಿ

ಭಾಳ ಉಪಕಾರ ಆತ್ರಿ ಇಬ್ಬರಿಗೂ. ವೇಗದ ಮಾತು ನನಗ ಗೊತ್ತ ಇರಲಿಲ್ಲ, ಈಗ ಎಲ್ಲಾ ಫೈಲ್ ತಪಾಸ್ ಮಾಡ್ಬೇಕು. ಕುಮಾರ ಗಂಧರ್ವರ ಬಗ್ಗೆ ಯಾರೂ ಹೇಳವಲ್ರಲ್ಲ?

ಘಟಪ್ರಭಾ_ದಂಡಿ (ಬಾಗಲಕೋಟೆ)

ನಾ ಹೇಳ್ತೀನ್ರಿ ಸರ್, ನಂದು ಈಗ ಅವರದ್ದ ಚಾಲೂ ಐತಿ. ನಿಮ್ಮ ಬೆಳಗಾವಿ ಬಾಜೂಕಿನ ಸುಳೇಭಾವಿಯವರು, ಮೂಲ ಹೆಸರು ಶಿವಪುತ್ರ ಕೊಂಕಾಳಿಮಠ, 1924ರಾಗ ಹುಟ್ಟಿದ್ರು. ಸಣ್ಣ ಹುಡುಗ ಇದ್ದಾಗ ದೊಡ್ಡವರ ಪ್ಲೇಟು ಕೇಳಿ ಹೂಬಾಹೂಬ್ ಹಂಗ ಹಾಡ್ತಿದ್ರು, ಅಂದ್ರ ನೀವು ಕೇಳಬೇಕಂತಿರೋ ಪ್ಲೇಟ ಅವರ ಮೊದಲ ಪಾಠ. ಮುಂದ ಮುಂಬೈದಾಗ ದೇವಧರ ಮಾಸ್ತರ ಕಡೆ ಕಲ್ತ್ರು, ಕ್ಷಯ ಬಂತು, ಮಧ್ಯಪ್ರದೇಶದ ದೇವಾಸಕ್ಕ ಹೋದ್ರು, ಹಾಡಬ್ಯಾಡ ಅಂದ್ರು ಡಾಕ್ಟರು, ಹಾಸಗಿ ಹಿಡದು ಮಲಕೊಂಡ ಮಾಳವಾದ ಹೆಣ್ಣಮಕ್ಕಳ ಹಾಡು ಕೇಳ್ಕೋತ ಇದ್ರು. ಆ ಧುನ್‌ಗಳಿಂದ ಮಾಲವತಿ, ಲಗನ್ ಗಾಂಧಾರ್, ಸಂಜಾರಿ ಅಂಥಾ ರಾಗ ಕಟ್ಟಿದ್ರು. ಒಂದು ಪುಪ್ಪುಸ (ಶ್ವಾಸಕೋಶ) ಕೆಲಸ ಕೊಡದಂಗ ಆಗಿತ್ತು, ಅದಕ್ಕ ಉದ್ದುದ್ದ ತಾನ ಬಿಟ್ಟು ಸಣ್ಣ ಸಣ್ಣ ಮಾತು, ತಟ್ಟಂತ ಏರಿ ತಟ್ಟಂತ ಬಿಡೂದು.

ಒಳ್ಳೇ ಹೆಡ್‌ಫೋನ್ ಹಾಕ್ಕೊಂಡು ಕೇಳ್ರಿ, ಅವರು ಹಾಡೂದು ನಿಲ್ಲಿಸಿದಲ್ಲೆ ತಂಬೂರಿ ಖಾಲಿ ಬಿಡಾಂಗಿಲ್ಲ, ಎರಡು ತಂಬೂರಿ ಅಷ್ಟು ಕರಾರುವಾಕ್ ಕೂಡಿಸಿರ್ತಾರ, ಯಾರೂ ನುಡಿಸದ ಗಾಂಧಾರ (ಗ ಸ್ವರ) ಅದರಾಗಿಂದ ತಾನಾಗಿ ಎದ್ದು ಬರ್ತೈತಿ. ಮೊಬೈಲಿನ ಸ್ಪೀಕರಿನ್ಯಾಗ ಖರ್ಜದ (ಕೆಳಗಿನ ಸಾ) ತಂತಿ ಸರಿಯಾಗಿ ಕೇಳೂದಿಲ್ಲ, ಹಂಗಾಗಿ ಆ ಗಾಂಧಾರನೂ ಸರಿಯಾಗಿ ಸಿಗೂದಿಲ್ಲ, ಅರ್ಧ ಸಂಗೀತ ಹೋತು. ಶ್ರೀ ರಾಗದಿಂದ ಶುರು ಮಾಡ್ರಿ, ಸೂರ್ಯ ಮುಳುಗೂ ಹೊತ್ತಿಗೆ.

ಮಿರಜ್_ಲೈನ್

ಗಾಂಧಾರದ ಮಾತು ಖರೇ ಅಕ್ಕಾರ. ಮನ್ಸೂರರ ವಚನಗಳನ್ನೂ ಇದ ರೀತಿ ಕೇಳ್ರಿ ಎಲ್ಲಾರೂ, ಅಲ್ಲಿ ರಾಗದ ಆಟ ಆಡಾಂಗಿಲ್ಲ ಅವರು, ಮಾತು ಹೇಳೂದಷ್ಟ.

ತಂಬೂರಿತಂತಿ

ಗಂಗೂಬಾಯಿಯವರ ಎರಡೂ ಕೇಳ್ದೆ. ಮೊದಲಿನ ದನಿಯಾಗ ಅವಸರ ಐತಿ, ಪ್ಲೇಟು ಮುಗಿಯೂದ್ರಾಗ ಎಲ್ಲಾ ಹೇಳಬೇಕು ಅನ್ನೂ ಹಂಗ, ಅದೂ ಚಂದ ಅನಸ್ತು. ಮಾರವಾ ಮಾತ್ರ ಅರ್ಧಕ್ಕ ನಿಲ್ಲಿಸಿ ಮತ್ತ ಮೊದಲಿಂದ ಹಚ್ಚಿದೆ, ರಿಷಭದ ಮ್ಯಾಲ ನಿಂತಾಗ ಮನ್ಯಾಗಿನ ಮಂದಿ ಯಾರ ಹಾಡು ಇದು ಅಂತ ಅಡಗಿಮನಿಯಿಂದ ಬಂದು ಕುಂತ್ರು. ಝಿಂಝೋಟಿ ಸರಿ ವೇಗದ್ದು ಯಾರ ಕಡೆ ಐತಿ, ಲಿಂಕ್ ಹಾಕ್ರಿ.