ಆನ್‌ಲೈನ್‌ನಲ್ಲಿ ಅಸಲಿ ರೀಚಾರ್ಜ್ ಬ್ಯಾಟರಿ ಕೊಳ್ಳುವುದು ಹೇಗೆ?

ಪ್ರಶ್ನೆ, ಬದಿಯಡ್ಕದಿಂದ:
ರಾತ್ರಿ ಅಡಿಕೆ ತೋಟಕ್ಕೆ ಹಂದಿ ನುಗ್ಗಿದಾಗ ಬೇಕಾಗುವ ತಲೆಟಾರ್ಚಿಗೆಂದು, ‘9900 ಎಂಎಎಚ್’ (ವಿದ್ಯುತ್ ಹಿಡಿದಿಡುವ ಸಾಮರ್ಥ್ಯದ ಅಳತೆ) ಎಂದು ಅಚ್ಚಾಗಿದ್ದ, 18650 ಎಂಬ ಗಾತ್ರದ ಎರಡು ರೀಚಾರ್ಜ್ ಸೆಲ್‌ಗಳನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಪೂರ್ತಿ ಚಾರ್ಜ್ ಮಾಡಿದರೂ ಅರ್ಧ ಗಂಟೆಯಲ್ಲಿ ಬೆಳಕು ಮಂಕಾಗುತ್ತದೆ. ಮೋಸಹೋಗದೆ ಕೊಳ್ಳುವ ದಾರಿಯನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ, ಕುಂಬಳೆಯಿಂದ:
ಆ ಅಂಕಿಯೇ ಸುಳ್ಳು. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಆ ಗಾತ್ರದಲ್ಲಿ ಒಳ್ಳೆಯ ಕಂಪನಿಗಳು ಕೊಡುವುದೇ ಸುಮಾರು 3500 ಎಂಎಎಚ್ ಆಗಿರುವಾಗ, ಅದರ ಎರಡು ಮೂರು ಪಟ್ಟು ಬರೆದ ಸೆಲ್ಲನ್ನು ನೋಡಿದ ಕೂಡಲೇ ಬಿಟ್ಟುಬಿಡಬೇಕು. ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ; ನಿಮ್ಮದನ್ನು ತೂಗಿ ನೋಡಿ. ಕುತೂಹಲಕ್ಕೂ ಅದನ್ನು ಬಿಚ್ಚಬೇಡಿ, ಒಳಗೆ ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಉತ್ತರ, ಮಂಜೇಶ್ವರದಿಂದ:
ಬ್ಯಾಟರಿಯ ಮೇಲೆ ಬಿಐಎಸ್ (ಸರಕುಗಳ ಗುಣಮಟ್ಟ ನಿಗದಿಪಡಿಸುವ ಭಾರತೀಯ ಮಾನಕ ಬ್ಯೂರೊ) ಗುರುತಿನೊಡನೆ ‘ಆರ್’ನಿಂದ ತೊಡಗುವ ನೋಂದಣಿ ಸಂಖ್ಯೆ ಇದ್ದರೆ, ಅದನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ ಕಂಪನಿಯ ಹೆಸರು ತಾಳೆಯಾಗುತ್ತದೆಯೇ ಎಂದು ನೋಡಬಹುದು. ಮಾರುವವರು ಯಾರು ಎಂಬುದನ್ನೂ ಗಮನಿಸಿ; ಜಾಲತಾಣ ದೊಡ್ಡದಾದ ಮಾತ್ರಕ್ಕೆ ಅಲ್ಲಿರುವ ಪ್ರತಿಯೊಬ್ಬ ವ್ಯಾಪಾರಿಯೂ ನಂಬಿಗಸ್ಥನಲ್ಲ. ಪೊಟ್ಟಣ ಒಡೆಯುವಾಗ ವೀಡಿಯೊ ತೆಗೆದಿಟ್ಟುಕೊಂಡರೆ, ಹಣ ಹಿಂದಿರುಗಿಸದಿದ್ದಾಗ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಆಧಾರವಿರುತ್ತದೆ.

ಪ್ರಶ್ನೆ ಕೇಳಿದವರು:
ಪೇಟೆಯ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ: ಒಂದು 27 ಗ್ರಾಂ, ಇನ್ನೊಂದು 26. ಬಿಐಎಸ್ ಗುರುತು ಎಲ್ಲಿಯೂ ಇಲ್ಲ. ಹಿಂದಿರುಗಿಸುವ ಅವಧಿ ಇನ್ನೂ ಮೂರು ದಿನ ಇರುವುದರಿಂದ ತಕ್ಕಡಿಯ ಫೋಟೋ ಸಹಿತ ಇಂದೇ ದೂರು ಹಾಕಿದ್ದೇನೆ. ಇಬ್ಬರಿಗೂ ಕೃತಜ್ಞ.